ಅಪ್ಪ ಅಮ್ಮನ ಜೊತೆ ಆರ್‌ವಿಯಲ್ಲಿ ಸೆಕ್ವೊಯಾ ಕಾಡಿಗೆ

ಕ್ಯಾಲಿಫೋರ್ನಿಯಾದ ದೈತ್ಯ ಸೆಕ್ವೊಯಾ ಮರಗಳನ್ನು ಒಂದೇ ದಿನದಲ್ಲಿ ನೋಡಿ ಬರುವವರು ಬಹಳ ಜನ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಬೆಳಗಿನ ಜಾವ ಹೊರಡುತ್ತಾರೆ. ಮಧ್ಯಾಹ್ನ ಅವುಗಳಲ್ಲಿ ಅತಿ ದೊಡ್ಡದಾದ ಜನರಲ್ ಶರ್ಮನ್ ಮರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ರಾತ್ರಿ ಮನೆ ಸೇರುತ್ತಾರೆ. ಕೇಳಿದರೆ "ದೊಡ್ಡ ಮರ, ಚೆನ್ನಾಗಿದೆ" ಅನ್ನುತ್ತಾರೆ, ಅಷ್ಟೆ. ಆದರೆ ಮೊದಲ ಸಲ ನೋಡಿದಾಗ ಆ ಮರಗಳ ಗಾತ್ರ ಕಣ್ಣಿಗೆ ಹಿಡಿಯುವುದೇ ಇಲ್ಲ. ಸುತ್ತ ಇರುವ ಪೈನ್, ಫರ್ ಮರಗಳೂ ದೊಡ್ಡವೇ ಆದ್ದರಿಂದ ಅಳತೆ ಸಿಗುವುದಿಲ್ಲ. ಅಲ್ಲೇ ಉಳಿದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡುತ್ತಾ ಹೋದರೆ ನಿಧಾನಕ್ಕೆ ಗೊತ್ತಾಗುತ್ತದೆ. ಈ ಬೇಸಿಗೆಯಲ್ಲಿ ನಾವು ಆ ರೀತಿ ನೋಡಿ ಬಂದೆವು. ಅದಕ್ಕೆ ಆರ್‌ವಿ, ಅಂದರೆ ಮನೆಯಂಥ ಗಾಡಿ, ಎಷ್ಟು ಅನುಕೂಲ, ಅದರಲ್ಲಿ ಏನೇನು ಕೆಲಸ ಇರುತ್ತದೆ ಅನ್ನುವುದನ್ನು ಬರೆದಿಡೋಣ ಅನ್ನಿಸಿತು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತಿರುವವರಿಗೆ ಉಪಯೋಗವಾಗಬಹುದು.

ನನ್ನ ಅಪ್ಪ ಅಮ್ಮ ತೀರ್ಥಹಳ್ಳಿ ಕಡೆಯವರು. ಅಡಿಕೆ ತೋಟ, ಮನೆಯ ಹಿಂದೆಯೇ ಕಾಡು. ಅಮೆರಿಕಕ್ಕೆ ಬಂದರೆ ಅವರಿಗೆ ಮಾಲ್, ಸೇತುವೆ, ಕಟ್ಟಡ ಯಾವುದೂ ರುಚಿಸುವುದಿಲ್ಲ. ಮರ ಅಂದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಅಮ್ಮನಿಗೆ ಮಂಡಿ ನೋವು. ಟೆಂಟಿನಲ್ಲಿ ನೆಲದ ಮೇಲೆ ಮಲಗಿ ಏಳುವುದು ಆಗದ ಮಾತು. ರಾತ್ರಿ ಎದ್ದು ಕತ್ತಲಲ್ಲಿ ಕ್ಯಾಂಪಿನ ಶೌಚಾಲಯಕ್ಕೆ ನಡೆಯುವುದೂ ಕಷ್ಟ. ಹೊರಗಿನ ಊಟ ಒಂದು ಹೊತ್ತಿಗೆ ಸರಿ, ಎರಡನೇ ಹೊತ್ತಿಗೆ ಅವರಿಗೆ ಅನ್ನ ಸಾರು ಬೇಕು. ಲಾಡ್ಜಿನಲ್ಲಿ ರೂಮು ಹಿಡಿದರೆ ಅಡುಗೆ ಇಲ್ಲ. ಹೀಗೆ ಒಂದೊಂದೇ ಬಿಡುತ್ತಾ ಬಂದು ಕೊನೆಗೆ ಆರ್‌ವಿ ಉಳಿಯಿತು. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲ ಇರುವ ಗಾಡಿ. ಮಕ್ಕಳಂತೂ ಆ ಸುದ್ದಿ ಕೇಳಿ ಕುಣಿದಾಡಿಬಿಟ್ಟರು.

ಬಾಡಿಗೆಗೆ ಹಿಡಿಯುವ ಮುಂಚೆ ಮೊದಲು ನೋಡಬೇಕಾದದ್ದು ಗಾಡಿಯ ಉದ್ದ. ಈ ಮರಗಳಿರುವ ಸೆಕ್ವೊಯಾ ರಾಷ್ಟ್ರೀಯ ಪಾರ್ಕಿಗೆ ಎರಡು ಕಡೆಯಿಂದ ದಾರಿ ಇದೆ. ದಕ್ಷಿಣದಿಂದ ತ್ರೀ ರಿವರ್ಸ್ ಊರಿನ ಮೇಲೆ 198ನೇ ಹೆದ್ದಾರಿ. ಉತ್ತರದಿಂದ ಫ್ರೆಸ್ನೊ ಮೇಲೆ 180ನೇ ಹೆದ್ದಾರಿ. ದಕ್ಷಿಣದ ದಾರಿ ಪಾರ್ಕ್ ಒಳಗೆ ಹೋದ ಮೇಲೆ ತುಂಬ ಕಡಿದಾಗಿ, ಹಾವಿನ ಹಾಗೆ ಸುತ್ತಿ ಸುತ್ತಿ ಏರುತ್ತದೆ. ಉದ್ದದ ಗಾಡಿಗಳು ಆ ಕಡೆ ಬರಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ. ನಕ್ಷೆ ಮಾತ್ರ ಅದನ್ನೇ ಹತ್ತಿರದ ದಾರಿ ಅಂತ ತೋರಿಸಬಹುದು, ನಂಬಬಾರದು. ನಾವು ಹಿಡಿದದ್ದು 25 ಅಡಿಯ ಕ್ಲಾಸ್ ಸಿ ಗಾಡಿ. ಮುಂದೆ ವ್ಯಾನಿನ ಮುಖ, ಡ್ರೈವರ್ ತಲೆಯ ಮೇಲೆ ಒಂದು ಮಂಚ ಇರುತ್ತಲ್ಲ, ಅದು. 180ರಲ್ಲೇ ಹೋಗಿ 180ರಲ್ಲೇ ಇಳಿಯುವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿದ್ದೆವು. ಇಷ್ಟು ಗಾಡಿ ಓಡಿಸಲು ಕ್ಯಾಲಿಫೋರ್ನಿಯಾದಲ್ಲಿ ಬೇರೆ ಲೈಸೆನ್ಸ್ ಬೇಡ, ಕಾರಿನದ್ದೇ ಸಾಕು.

ಗಾಡಿ ಕೊಡುವಾಗ ಅವರು ಎಲ್ಲವನ್ನೂ ತೋರಿಸುತ್ತಾರೆ. ಆ ಹೊತ್ತಿನಲ್ಲಿ ಆತುರ ಮಾಡಬಾರದು. ನಾನು ಪೂರ್ತಿ ವಿಡಿಯೊ ಮಾಡಿಕೊಂಡೆ. ನೀರಿಗೆ ಮೂರು ತೊಟ್ಟಿ. ಒಂದು ಒಳ್ಳೆ ನೀರಿಗೆ, ಒಂದು ಸಿಂಕ್ ಮತ್ತು ಸ್ನಾನದ ನೀರಿಗೆ, ಮೂರನೆಯದು ಕಕ್ಕಸಿನದ್ದು. ಒಲೆಗೂ ಬಿಸಿನೀರಿಗೂ ಪ್ರೊಪೇನ್ ಗ್ಯಾಸ್. ಫ್ರಿಜ್ ಕರೆಂಟಿನಲ್ಲೂ ಓಡುತ್ತದೆ, ಗ್ಯಾಸಿನಲ್ಲೂ ಓಡುತ್ತದೆ. ಪೆಟ್ರೋಲ್ ಹಾಕಿಸುವಾಗ ಗ್ಯಾಸ್ ಬಂದ್ ಮಾಡಬೇಕು. ಗಾಡಿಯ ಎತ್ತರ ಹನ್ನೊಂದು ಅಡಿ ಚಿಲ್ಲರೆ ಇತ್ತು. ಅದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿದೆವು. ತಗ್ಗಿನ ಕೊಂಬೆ, ಪೆಟ್ರೋಲ್ ಬಂಕಿನ ಚಾವಣಿ ಕಂಡಾಗಲೆಲ್ಲ ಕಣ್ಣು ಆ ಚೀಟಿಯ ಮೇಲೆ ಹೋಗುತ್ತಿತ್ತು.

ಅಡುಗೆ ಸಾಮಾನು ಜೋಡಿಸುವುದು ಅಮ್ಮನ ಪಾಲು. ಅಕ್ಕಿ, ಬೇಳೆ, ಅವಲಕ್ಕಿ, ಸಾರಿನ ಪುಡಿ, ಹುಳಿ ಪುಡಿ, ಮಿಡಿ ಉಪ್ಪಿನಕಾಯಿ, ಒಂದು ಸಣ್ಣ ಕುಕ್ಕರ್. ಗಾಜಿನ ಬಾಟಲಿ ಒಂದೂ ಬೇಡ ಅಂದೆ. ಎಲ್ಲ ಸ್ಟೀಲ್ ಡಬ್ಬಿಗೆ ಬಂತು. ಪಾತ್ರೆಗಳ ಮಧ್ಯೆ ಹಳೆ ಟವೆಲ್ ತುರುಕಿದೆವು. ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಪಾತ್ರೆ ಬಡಿದಾಡುವ ಸದ್ದು.

ಪಚೇಕೊ ಪಾಸ್ ದಾಟಿ ಸ್ಯಾನ್ ಲೂಯಿಸ್ ಜಲಾಶಯದ ಪಕ್ಕ ಇಳಿದರೆ ಸೆಂಟ್ರಲ್ ವ್ಯಾಲಿ. ಅಲ್ಲಿಂದ ಫ್ರೆಸ್ನೊವರೆಗೆ ಬಾದಾಮಿ ತೋಟ, ದ್ರಾಕ್ಷಿ ತೋಟ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಬಿಸಿಲು. ಅಪ್ಪ ಕಿಟಕಿ ಪಕ್ಕ ಕೂತು ಡ್ರಿಪ್ ಪೈಪುಗಳನ್ನೇ ನೋಡುತ್ತಿದ್ದರು. ಫ್ರೆಸ್ನೊದಲ್ಲಿ ಪಂಜಾಬಿಗಳು ಜಾಸ್ತಿ, ಇಂಡಿಯನ್ ಅಂಗಡಿಗಳಿವೆ. ಹಸಿಮೆಣಸು, ಕೊತ್ತಂಬರಿ, ಮೊಸರು ಅಲ್ಲೇ ತಗೊಂಡೆವು. ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಸಿದೆವು. ಪಾರ್ಕ್ ಒಳಗೆ ಪೆಟ್ರೋಲ್ ಬಂಕ್ ಇಲ್ಲ ಅನ್ನುವುದು ನೆನಪಿರಲಿ. ಆಮೇಲೆ ಏರು. ಫ್ರೆಸ್ನೊ ಸಮುದ್ರ ಮಟ್ಟದಿಂದ ಸುಮಾರು 300 ಅಡಿ, ನಾವು ಸೇರಬೇಕಾದ ಗ್ರ್ಯಾಂಟ್ ಗ್ರೋವ್ ಅನ್ನುವ ಸೆಕ್ವೊಯಾ ತೋಪು 6,600 ಅಡಿ. ನಮ್ಮನೆಯವರು ಓಡಿಸುತ್ತಿದ್ದರು. ಕಡಿಮೆ ಗೇರಿನಲ್ಲಿ, ನಿಧಾನಕ್ಕೆ. ಹಿಂದೆ ಕಾರುಗಳ ಸಾಲು ಬೆಳೆದಾಗಲೆಲ್ಲ ರಸ್ತೆ ಬದಿಯ ಟರ್ನ್‌ಔಟಿಗೆ ಗಾಡಿ ಎಳೆದು ದಾರಿ ಬಿಟ್ಟರು. ಒಣ ಹುಲ್ಲಿನ ಗುಡ್ಡ ಮುಗಿದು ಓಕ್ ಬಂತು, ಓಕ್ ಮುಗಿದು ಪೈನ್ ಬಂತು. ಎಸಿ ಆರಿಸಿ ಕಿಟಕಿ ತೆಗೆದೆವು. ಒಳಗೆ ಬಂದ ಗಾಳಿ ತಣ್ಣಗಿತ್ತು. "ಆಗುಂಬೆ ಹತ್ತಿದ ಮೇಲೆ ಬರ್ತದಲ್ಲ, ಅದೇ ಗಾಳಿ" ಅಂದರು ಅಮ್ಮ.

ಮೊದಲು ಉಳಿದದ್ದು ಗ್ರ್ಯಾಂಟ್ ಗ್ರೋವಿನ ಅಜೇಲಿಯಾ ಕ್ಯಾಂಪಿನಲ್ಲಿ. ಇಲ್ಲಿನ ಕ್ಯಾಂಪುಗಳಲ್ಲಿ ಗಾಡಿಗೆ ಕರೆಂಟ್, ನೀರು, ಚರಂಡಿ ಜೋಡಿಸುವ ವ್ಯವಸ್ಥೆ ಇಲ್ಲ. ಗಾಡಿಯಲ್ಲಿರುವ ನೀರು, ಗಾಡಿಯ ಬ್ಯಾಟರಿ, ಅಷ್ಟರಲ್ಲೇ ಸಂಸಾರ. ಜನರೇಟರ್ ಇದೆ, ಆದರೆ ಅದನ್ನು ಹಾಕಲು ಗೊತ್ತುಮಾಡಿದ ಗಂಟೆಗಳಿವೆ. ನಿಲ್ಲಿಸುವ ಜಾಗ ಸ್ವಲ್ಪ ಇಳಿಜಾರಾಗಿತ್ತು. ಒಂದು ಬದಿಯ ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆ ಇಟ್ಟು ಗಾಡಿಯನ್ನು ಸಮ ಮಾಡಬೇಕು. ಸಮ ಇಲ್ಲದಿದ್ದರೆ ಮಲಗಿದವರ ತಲೆ ಕೆಳಗಾಗುತ್ತದೆ, ಗ್ಯಾಸ್ ಮೇಲೆ ಓಡುವ ಫ್ರಿಜ್ಜಿಗೂ ಒಳ್ಳೆಯದಲ್ಲ. ಅಪ್ಪ ಒಂದು ತಟ್ಟೆಯಲ್ಲಿ ನೀರು ಹಾಕಿ ಗಾಡಿಯೊಳಗೆ ನೆಲದ ಮೇಲೆ ಇಟ್ಟರು. "ಇನ್ನೊಂದು ಹಲಗೆ, ಎಡಕ್ಕೆ" ಅಂತ ಒಳಗಿಂದ ಹೇಳುತ್ತಾ ಹೋದರು. ಫೋನಿನ ಆ್ಯಪಿಗಿಂತ ಆ ತಟ್ಟೆಯೇ ನಮಗೆ ಕೆಲಸಕ್ಕೆ ಬಂತು.

ಇನ್ನು ಕರಡಿ ಪೆಟ್ಟಿಗೆ. ಪ್ರತಿ ಕ್ಯಾಂಪ್ ಜಾಗದಲ್ಲೂ ಕಂದು ಬಣ್ಣದ ಒಂದು ದಪ್ಪ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ತಿನ್ನುವ ವಸ್ತುಗಳನ್ನು, ಘಮ ಇರುವ ಎಲ್ಲವನ್ನೂ ಅದರಲ್ಲಿ ಇಟ್ಟು ಚಿಲಕ ಹಾಕಬೇಕು. ಇಲ್ಲಿರುವುದು ಬ್ಲ್ಯಾಕ್ ಬೇರ್ ಅನ್ನುವ ಜಾತಿ, ಹೆಸರಿಗೆ ಕಪ್ಪಾದರೂ ಕಂದು ಬಣ್ಣದವೂ ಇರುತ್ತವೆ. ಅವುಗಳ ಮೂಗು ಬಹಳ ಚುರುಕು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗಿಯೂ ಬರುತ್ತದೆ. ಹಾಗಾಗಿ ಈ ನಿಯಮ ನಮಗಿಂತ ಕರಡಿಗೇ ಹೆಚ್ಚು ಬೇಕಾದದ್ದು. ನಾನು ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಕೆಲಸವನ್ನು ಪೂರ್ತಿ ತಮ್ಮ ಕೈಗೆ ತಗೊಂಡರು. ಸಾರಿನ ಪುಡಿ, ಇಂಗು, ಉಪ್ಪಿನಕಾಯಿ ಹೋಯಿತು. ಮಕ್ಕಳ ಟೂತ್‌ಪೇಸ್ಟ್, ಸೋಪು ಹೋಯಿತು. ತಮ್ಮ ಕೊಬ್ಬರಿ ಎಣ್ಣೆ, ಊದುಬತ್ತಿ ಕಟ್ಟು, ಅಪ್ಪನ ಅಮೃತಾಂಜನ್ ಎಲ್ಲ ಹೋಯಿತು. ಆ ಪೆಟ್ಟಿಗೆಯ ಚಿಲಕ ವಿಚಿತ್ರ. ಒಂದು ತಗಡಿನ ಅಂಚಿನ ಕೆಳಗೆ ಬೆರಳು ತೂರಿಸಿ ಒಳಗಿನ ಕೊಂಡಿಯನ್ನು ಮೇಲಕ್ಕೆತ್ತಬೇಕು. ಕರಡಿಯ ಪಂಜ ಅಲ್ಲಿ ಹೋಗುವುದಿಲ್ಲ. ಅಮ್ಮ ಅದನ್ನು ಎರಡು ಸಲ ತೆಗೆದು ಹಾಕಿ, ಕೈಯಿಂದ ಎಳೆದು ನೋಡಿ, "ಹ್ಞಾಂ, ಗಟ್ಟಿ ಇದೆ" ಅಂತ ಹೇಳಿಯೇ ಒಳಗೆ ಬರುತ್ತಿದ್ದರು.

ಕ್ಯಾಂಪಿನಿಂದ ಜನರಲ್ ಗ್ರ್ಯಾಂಟ್ ಮರಕ್ಕೆ ನಡೆದೇ ಹೋಗಬಹುದು. ಮರದ ಹತ್ತಿರ ಡಾಂಬರು ಹಾಕಿದ ಸಣ್ಣ ಸುತ್ತುದಾರಿ, ಅಮ್ಮನಿಗೂ ಕಷ್ಟವಾಗಲಿಲ್ಲ. ಮರದ ಎತ್ತರ 268 ಅಡಿ. 1926ರಲ್ಲಿ ಇದನ್ನು ಅಮೆರಿಕದ ಕ್ರಿಸ್‌ಮಸ್ ಮರ ಅಂತ ಘೋಷಿಸಿದರು. 1956ರಲ್ಲಿ ಯುದ್ಧದಲ್ಲಿ ಸತ್ತವರ ನೆನಪಿನ ಮರ ಅಂತಲೂ ಮಾಡಿದರು. ಅಪ್ಪನಿಗೆ ಆ ವಿಷಯ ಹಿಡಿಸಿತು. ಕಲ್ಲಿನಲ್ಲೋ ಸಿಮೆಂಟಿನಲ್ಲೋ ಕಟ್ಟುವ ಬದಲು ಬದುಕಿರುವ ಮರವನ್ನೇ ಸ್ಮಾರಕ ಮಾಡಿದ್ದು ಒಳ್ಳೆಯ ಯೋಚನೆ ಅಂದರು. ನನಗೂ ಹಾಗೇ ಅನಿಸಿತು.

ಅದೇ ದಾರಿಯಲ್ಲಿ ಫಾಲನ್ ಮೊನಾರ್ಕ್ ಅಂತ ಒಂದು ಬಿದ್ದ ಮರ ಇದೆ. ಒಳಗೆ ಟೊಳ್ಳು. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬರಬಹುದು. ದೊಡ್ಡವರೂ ಬಗ್ಗದೆ ನಡೆಯಬಹುದು. ಹಿಂದೆ ಪಾರ್ಕ್ ಕಾಯುತ್ತಿದ್ದ ಕುದುರೆ ಸೈನಿಕರು ತಮ್ಮ ಕುದುರೆಗಳನ್ನು ಇದರೊಳಗೆ ಕಟ್ಟುತ್ತಿದ್ದರಂತೆ. ಮಕ್ಕಳು ಎಷ್ಟು ಸಲ ಒಳಗೆ ಓಡಿ ಹೊರಗೆ ಬಂದರೋ ಲೆಕ್ಕ ಇಟ್ಟವರಿಲ್ಲ. ಈ ಮರ ಬಿದ್ದು ನೂರಾರು ವರ್ಷವಾದರೂ ಕೊಳೆತಿಲ್ಲ. ಸೆಕ್ವೊಯಾ ಮರದಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಜಾಸ್ತಿ. ಹುಳ, ಬೂಷ್ಟು ಅದನ್ನು ಸುಲಭಕ್ಕೆ ತಿನ್ನಲಾರವು. ದಾರಿ ಬದಿಯ ಇನ್ನೊಂದು ಮರದ ತೊಗಟೆಯನ್ನು ಅಪ್ಪ ಕೈಯಲ್ಲಿ ಒತ್ತಿ ನೋಡಿದರು. ಒಳಕ್ಕೆ ಹೋಯಿತು, ಮತ್ತೆ ಮೇಲೆ ಬಂತು. "ನೋಡೇ ಮಾರಾಯ್ತಿ, ತೆಂಗಿನ ನಾರಿನ ಹಾಗೇ ಇದೆ" ಅಂದರು. ನಾನೂ ಒತ್ತಿದೆ. ಒಣಗಿದ ತೆಂಗಿನಕಾಯಿ ಸಿಪ್ಪೆಯ ಅದೇ ಬಣ್ಣ, ಅದೇ ಮೃದು. ದೊಡ್ಡ ಮರಗಳಲ್ಲಿ ಈ ತೊಗಟೆ ಎರಡು ಅಡಿವರೆಗೂ ದಪ್ಪ ಇರುತ್ತದೆ. ಪೈನ್ ಮರಗಳ ಹಾಗೆ ಹೊತ್ತಿ ಉರಿಯುವ ಅಂಟು ಇದರಲ್ಲಿ ಇಲ್ಲ. ಸಾವಿರಾರು ವರ್ಷ ಬೆಂಕಿಯ ನಡುವೆ ಬದುಕಿದ್ದು ಇದರ ಬಲದಿಂದ.

ಮರುದಿನ ಬಿಗ್ ಸ್ಟಂಪ್ ನೋಡಲು ಹೋದೆವು. ಬಹಳಷ್ಟು ಜನ ಇದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಇಲ್ಲಿ ಇರುವುದು ಕಡಿದ ಮರಗಳ ಬುಡಗಳು. ಅದರಲ್ಲಿ ಒಂದು ಮಾರ್ಕ್ ಟ್ವೈನ್ ಸ್ಟಂಪ್. ಆ ಮರ 1300 ವರ್ಷಕ್ಕೂ ಹಳೆಯದು. 1891ರಲ್ಲಿ ಇಬ್ಬರು ಆಳುಗಳು 13 ದಿನ ಕೊಯ್ದು ಅದನ್ನು ಬೀಳಿಸಿದರು. ಬೀಳಿಸಿದ್ದು ಮನೆ ಕಟ್ಟಲು ಅಲ್ಲ. ಇಷ್ಟು ದೊಡ್ಡ ಮರ ಇದೆ ಅಂದರೆ ಅಮೆರಿಕದ ಪೂರ್ವ ಭಾಗದ ಜನ ನಂಬುತ್ತಿರಲಿಲ್ಲ, ಅವರಿಗೆ ತೋರಿಸಲು. ಅದರ ಒಂದು ಬಿಲ್ಲೆ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಮ್ ಆಫ್ ನ್ಯಾಚುರಲ್ ಹಿಸ್ಟರಿಗೆ ಹೋಯಿತು, ಇನ್ನೊಂದು ಲಂಡನ್ನಿಗೆ. ಬುಡದ ಮೇಲೆ ಹತ್ತಲು ಮೆಟ್ಟಿಲು ಇಟ್ಟಿದ್ದಾರೆ. ನಾವು ಮನೆಮಂದಿಯೆಲ್ಲ ಅದರ ಮೇಲೆ ನಿಂತೆವು, ಇನ್ನೂ ಜಾಗ ಇತ್ತು. ಹಿಂದಿನ ದಿನ ಗ್ರ್ಯಾಂಟ್ ಮರದ ಮುಂದೆ ಸಿಗದ ಅಳತೆ ನನಗೆ ಸಿಕ್ಕಿದ್ದು ಇಲ್ಲಿ. ನಿಂತ ಮರ ಕತ್ತು ಎತ್ತಿಸುತ್ತದೆ, ಅಷ್ಟರಲ್ಲಿ ಅಗಲ ಮರೆತುಹೋಗುತ್ತದೆ. ಬುಡದ ಮೇಲೆ ಮಕ್ಕಳು ಓಡಾಡಿದಾಗ ಅಗಲ ಗೊತ್ತಾಯಿತು.

ಆ ಕಾಲದಲ್ಲಿ ಈ ಕಣಿವೆಗಳಲ್ಲಿ ಸಾವಿರಾರು ಸೆಕ್ವೊಯಾ ಕಡಿದರು. ದುಃಖದ ವಿಷಯ ಏನೆಂದರೆ ಈ ಮರ ಬಹಳ ಪೆಳಸು. ಬಿದ್ದ ಹೊಡೆತಕ್ಕೇ ಚೂರು ಚೂರಾಗುತ್ತಿತ್ತು. ಎಷ್ಟೋ ಮರಗಳ ತುಂಡುಗಳು ಬಿದ್ದಲ್ಲೇ ಉಳಿದವು. ಉಳಿದದ್ದು ಬೇಲಿ ಗೂಟ, ದ್ರಾಕ್ಷಿ ಬಳ್ಳಿಯ ಊರುಗೋಲು, ಚಾವಣಿಯ ಹಲಗೆ ಆಯಿತು. ಎರಡು ಸಾವಿರ ವರ್ಷದ ಮರವನ್ನು ಬೇಲಿ ಗೂಟ ಮಾಡುವುದು! ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಕಡೆ ಹಡಗಿಗೆ, ರೈಲಿಗೆ ಅಂತ ಸಾಗುವಾನಿ ಕಡಿದರಲ್ಲ, ಅದಾದರೂ ಬಾಳಿಕೆ ಬಂತು" ಅಂದರು.

ಅಲ್ಲಿಂದ ಜನರಲ್ಸ್ ಹೈವೇ ಹಿಡಿದು ಲಾಡ್ಜ್‌ಪೋಲ್ ಅನ್ನುವ ಎರಡನೇ ಕ್ಯಾಂಪಿನ ಕಡೆ ಹೊರಟೆವು. ಈ ದಾರಿಯ ಕೆಲವು ಕಡೆ ಬೆಟ್ಟಗಳು ಪೂರ್ತಿ ಸುಟ್ಟಿವೆ. ಕಪ್ಪು ಕಂಬಗಳು ಮಾತ್ರ ನಿಂತಿವೆ. 2021ರ ಸೆಪ್ಟೆಂಬರಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಅದು, ಕೆಎನ್‌ಪಿ ಕಾಂಪ್ಲೆಕ್ಸ್ ಅಂತ ಹೆಸರು. ಅದರ ಹಿಂದಿನ ವರ್ಷ ದಕ್ಷಿಣದಲ್ಲಿ ಕ್ಯಾಸಲ್ ಫೈರ್. 2020ರ ಆ ಒಂದೇ ಬೆಂಕಿಗೆ 7,500ರಿಂದ 10,600 ದೊಡ್ಡ ಸೆಕ್ವೊಯಾಗಳು ಸತ್ತವು ಅಂತ ಅಂದಾಜು. 2021ರ ಬೆಂಕಿಗಳಲ್ಲಿ ಇನ್ನೂ 2,261ರಿಂದ 3,637. ಈ ಮರಗಳು ಭೂಮಿಯ ಮೇಲೆ ತಾವಾಗಿ ಬೆಳೆಯುವುದು ಸಿಯೆರಾ ನೆವಾಡಾದ ಪಶ್ಚಿಮ ಇಳಿಜಾರಿನಲ್ಲಿ ಮಾತ್ರ. ಅಂಥದ್ದರಲ್ಲಿ ಎರಡೇ ವರ್ಷದಲ್ಲಿ ಇಷ್ಟು ಹೋದವು ಅಂದರೆ ಎದೆ ಧಸಕ್ಕನ್ನುತ್ತದೆ.

ಲಾಡ್ಜ್‌ಪೋಲಿನಲ್ಲಿ ಕ್ಯಾಂಪಿನ ಪಕ್ಕದಲ್ಲೇ ಕವೀಯ ನದಿಯ ಒಂದು ಕವಲು ಹರಿಯುತ್ತದೆ. ಅಂಗಡಿ, ಬಟ್ಟೆ ಒಗೆಯುವ ಮಷೀನು, ಸ್ನಾನದ ಮನೆ ಇವೆ. ಸೊಳ್ಳೆಯೂ ಇದೆ. ಬೇಸಿಗೆಯಲ್ಲಿ ಇಲ್ಲಿಂದ ಪಾರ್ಕಿನ ಪುಕ್ಕಟೆ ಷಟಲ್ ಬಸ್ ಓಡುತ್ತದೆ. ನನ್ನ ಪ್ರಕಾರ ಆರ್‌ವಿಯಲ್ಲಿ ಬರುವವರು ಇಲ್ಲೇ ಉಳಿಯಬೇಕು. ಗಾಡಿಯನ್ನು ಒಮ್ಮೆ ನಿಲ್ಲಿಸಿ ಸಮ ಮಾಡಿದರೆ ಮುಗಿಯಿತು, ಮತ್ತೆ ಅಲುಗಿಸುವ ಕೆಲಸ ಇಲ್ಲ. ಶರ್ಮನ್ ಮರದ ಪಾರ್ಕಿಂಗಿನಲ್ಲಿ ಇಷ್ಟು ದೊಡ್ಡ ಗಾಡಿಗೆ ಜಾಗ ಹುಡುಕುವುದು, ಹಿಂದಕ್ಕೆ ಮುಂದಕ್ಕೆ ತಿರುಗಿಸುವುದು, ಆ ತಲೆನೋವೇ ಬೇಡ.

ಬೆಳಿಗ್ಗೆ ಅವಲಕ್ಕಿ ಒಗ್ಗರಣೆ, ಕಾಫಿ ಮುಗಿಸಿ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿದೆವು. ಶರ್ಮನ್ ಮರಕ್ಕೆ ಮೇಲಿನ ನಿಲ್ದಾಣದಿಂದ ಅರ್ಧ ಮೈಲಿ ಇಳಿಯಬೇಕು, ಅಲ್ಲಲ್ಲಿ ಮೆಟ್ಟಿಲು, ಕೂರಲು ಬೆಂಚು. ಇಳಿಯುವುದು ಸುಲಭ, ಏಳು ಸಾವಿರ ಅಡಿಯ ಎತ್ತರದಲ್ಲಿ ಮತ್ತೆ ಹತ್ತುವುದು ವಯಸ್ಸಾದವರಿಗೆ ಕಷ್ಟ. ಕೆಳಗೆ ರಸ್ತೆ ಬದಿಯಲ್ಲೂ ಷಟಲ್ ನಿಲ್ಲುತ್ತದೆ. ಹಾಗಾಗಿ ಹಿಂದಕ್ಕೆ ಹತ್ತುವ ಅಗತ್ಯವೇ ಬೀಳಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡು, ಪ್ರತಿ ಬೆಂಚಿನಲ್ಲೂ ಕೂತು, ಆರಾಮಾಗಿ ಇಳಿದರು.

ಜನರಲ್ ಶರ್ಮನ್ ಜಗತ್ತಿನ ಅತಿ ಎತ್ತರದ ಮರ ಅಲ್ಲ. ಆ ಹೆಸರು ಕರಾವಳಿಯ ರೆಡ್‌ವುಡ್ ಮರಗಳದ್ದು. ಇದು ಗಾತ್ರದಲ್ಲಿ ದೊಡ್ಡದು. ಕಾಂಡದಲ್ಲಿರುವ ಮರದ ಲೆಕ್ಕ ಹಾಕಿದರೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ: ಸುಮಾರು 52,500 ಘನ ಅಡಿ. ಎತ್ತರ 275 ಅಡಿ, ವಯಸ್ಸು ಸುಮಾರು 2,200 ವರ್ಷ. ತುದಿ ಸತ್ತಿದೆ, ಎತ್ತರ ಬೆಳೆಯುವುದಿಲ್ಲ, ಆದರೆ ದಪ್ಪ ಆಗುತ್ತಲೇ ಇದೆ. 2006ರಲ್ಲಿ ಇದರ ಒಂದು ಕೊಂಬೆ ಮುರಿದು ಬಿತ್ತು. ಆ ಕೊಂಬೆಯೇ ಆರು ಅಡಿಗಿಂತ ದಪ್ಪ, ನೂರು ಅಡಿಗೂ ಉದ್ದ. ನೆಲದ ಹತ್ತಿರ ಮರದ ಸುತ್ತಳತೆ 102.6 ಅಡಿ. ಅಪ್ಪ ಅದನ್ನು ಕೇಳಿದ ಕೂಡಲೇ ಮನಸ್ಸಿನಲ್ಲೇ ಭಾಗಿಸಿದರು. ಆರು ಅಡಿಗೆ ಒಂದು ಮಾರು. "ಹದಿನೇಳು ಮಾರು! ಹದಿನೇಳು ಜನ ಕೈ ಚಾಚಿ ನಿಂತರೆ ಒಂದು ಸುತ್ತು!" ಅಂತ ಮೊಮ್ಮಕ್ಕಳ ಕೈ ಹಿಡಿದು ಚಾಚಿ ತೋರಿಸಿದರು. ಮಗಳಿಗೆ ಆ ಅಳತೆ ಬಹಳ ಇಷ್ಟವಾಯಿತು. ಆಮೇಲೆ ಕಂಡ ಪ್ರತಿ ಮರವನ್ನೂ ಮಾರು ಲೆಕ್ಕದಲ್ಲೇ ಅಂದಾಜು ಮಾಡುತ್ತಿದ್ದಳು.

ಈ ಮರಕ್ಕೆ ಇನ್ನೊಂದು ಹೆಸರೂ ಇತ್ತು. 1880ರ ದಶಕದಲ್ಲಿ ಕವೀಯ ಕಾಲನಿ ಅಂತ ಸಮಾಜವಾದಿಗಳ ಒಂದು ಗುಂಪು ಇಲ್ಲಿಗೆ ಬಂದು, ಕೂಡಿ ದುಡಿದು ಕೂಡಿ ಬದುಕುವ ಊರು ಕಟ್ಟಲು ಹೊರಟಿತ್ತು. ಅವರು ಇದನ್ನು ಕಾರ್ಲ್ ಮಾರ್ಕ್ಸ್ ಮರ ಅಂತ ಕರೆದರು. 1890ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಆ ಕಾಲನಿ ಉಳಿಯಲಿಲ್ಲ. ಮುಂದೆ 1903ರಲ್ಲಿ ಪಾರ್ಕಿನ ಹೊಣೆ ಹೊತ್ತವರು ಕ್ಯಾಪ್ಟನ್ ಚಾರ್ಲ್ಸ್ ಯಂಗ್. ಗುಲಾಮಗಿರಿಯಲ್ಲಿ ಹುಟ್ಟಿದ ಕರಿಯ ಅಧಿಕಾರಿ. ಆ ಬೇಸಿಗೆಯಲ್ಲಿ ಅವರು ಮತ್ತು ಅವರ ಸೈನಿಕರು ಈ ಶರ್ಮನ್ ಮರ ಇರುವ ಕಾಡಾದ ಜೈಂಟ್ ಫಾರೆಸ್ಟ್‌ವರೆಗೆ ಕುದುರೆ ಗಾಡಿಯ ರಸ್ತೆ ಮುಗಿಸಿದರು. ಈ ಕಾಡಿನಲ್ಲಿ ಅವರ ಹೆಸರಿನ ಮರವೂ ಇದೆ. ಮಕ್ಕಳಿಗೆ ಹೇಳಲೇಬೇಕಾದ ಕಥೆ ಇದು.

2021ರ ಬೆಂಕಿ ಹತ್ತಿರ ಬಂದಾಗ ಶರ್ಮನ್ ಮರದ ಬುಡಕ್ಕೆ ಅಲ್ಯೂಮಿನಿಯಂ ಹೊದಿಕೆ ಸುತ್ತಿದ್ದರು. ಆ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಮರ ಉಳಿದುಕೊಂಡಿತು. ಆದರೆ ಅದನ್ನು ಉಳಿಸಿದ್ದು ಬರೀ ಹೊದಿಕೆ ಅಲ್ಲ. ಜೈಂಟ್ ಫಾರೆಸ್ಟಿನಲ್ಲಿ ದಶಕಗಳಿಂದ ಪಾರ್ಕಿನವರು ತಾವೇ ಹದ ನೋಡಿ ಸಣ್ಣ ಬೆಂಕಿ ಹಾಕುತ್ತಾ ಬಂದಿದ್ದಾರೆ. ನೆಲದ ತರಗೆಲೆ, ಒಣ ಕಟ್ಟಿಗೆ ಸುಟ್ಟು ಹೋಗಿದ್ದರಿಂದ ದೊಡ್ಡ ಬೆಂಕಿಗೆ ಅಲ್ಲಿ ಮೇವು ಸಿಗಲಿಲ್ಲ. ಶರ್ಮನ್ ಮರದ ಹತ್ತಿರದ ಕಾಂಗ್ರೆಸ್ ಟ್ರೇಲ್ ಅನ್ನುವ ಕಾಲುದಾರಿಯಲ್ಲಿ ಪಾರ್ಕಿನ ಒಬ್ಬರು ರೇಂಜರ್ ಇದನ್ನು ವಿವರಿಸುತ್ತಿದ್ದರು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಎಂಥ? ಇವರೇ ಬೆಂಕಿ ಹಾಕ್ತಾರಾ?" ಅಪ್ಪನಿಗೆ ನಂಬಿಕೆ ಬರಲಿಲ್ಲ. "ನಮ್ಮಲ್ಲಿ ಬೇಸಿಗೆಯಲ್ಲಿ ಒಂದು ಕಿಡಿ ಬಿದ್ರೆ ಸೊಪ್ಪಿನ ಬೆಟ್ಟವೇ ಹೋಗ್ತದೆ. ಊರಿಗೆ ಊರೇ ಸೊಪ್ಪು ಹಿಡಿದು ಬಡಿಯಲಿಕ್ಕೆ ಓಡ್ತದೆ. ಕೇಳು ಅವರ ಹತ್ತಿರ, ಗಿಡಗಳ ಗತಿ ಏನು ಅಂತ."

ಕೇಳಿದೆ. ರೇಂಜರ್ ನೆಲದಿಂದ ಒಂದು ಹಸಿರು ಕಾಯಿ ಎತ್ತಿ ಅಪ್ಪನ ಕೈಯಲ್ಲಿ ಇಟ್ಟರು. ಎರಡು ಇಂಚಿನ ಕಾಯಿ, ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಅಳಿಲು ಮೇಲಿಂದ ಕತ್ತರಿಸಿ ಹಾಕಿದ್ದು. ಒಂದು ಕಾಯಿಯಲ್ಲಿ ಸುಮಾರು 200 ಬೀಜ. ಮರದ ಮೇಲೆ ಇದು ಬಲಿತರೂ ಬಿರಿಯದೆ ಇಪ್ಪತ್ತು ವರ್ಷದವರೆಗೂ ಹಾಗೇ ಇರಬಲ್ಲದು. ಕೆಳಗೆ ಬೆಂಕಿ ಬಿದ್ದಾಗ ಬಿಸಿ ಗಾಳಿ ಮೇಲೇರಿ ಕಾಯಿ ಒಣಗುತ್ತದೆ, ಬಿರಿಯುತ್ತದೆ, ಬೀಜ ಉದುರುತ್ತದೆ. ಬೀಜ ಕಾಗದದಷ್ಟು ತೆಳ್ಳಗೆ. ದಪ್ಪ ತರಗೆಲೆಯ ಮೇಲೆ ಬಿದ್ದರೆ ಬೇರು ಮಣ್ಣಿಗೆ ಮುಟ್ಟದೆ ಒಣಗಿಹೋಗುತ್ತದೆ. ಬೆಂಕಿ ತರಗೆಲೆ ಸುಟ್ಟು ಬರಿ ಮಣ್ಣು ಮಾಡಿಕೊಡುತ್ತದೆ, ಮೇಲಿನ ಸಣ್ಣ ಮರ ಸುಟ್ಟು ಬಿಸಿಲು ಬಿಡುತ್ತದೆ. ನೂರು ವರ್ಷ ಹತ್ತಿರ ಇಲ್ಲಿ ಯಾವ ಬೆಂಕಿ ಕಂಡರೂ ಆರಿಸುತ್ತಿದ್ದರು. ಆ ಕಾಲದಲ್ಲಿ ಹೊಸ ಸೆಕ್ವೊಯಾ ಸಸಿಗಳು ಹುಟ್ಟಿದ್ದೇ ಬಹಳ ಕಡಿಮೆ. ನೆಲದ ಮೇಲೆ ಕಟ್ಟಿಗೆ ರಾಶಿ ಬಿತ್ತು. ಬರಗಾಲ, ಬಿಸಿ ಜಾಸ್ತಿಯಾದ ಈ ದಿನಗಳಲ್ಲಿ ಆ ರಾಶಿಯೇ ಮರಗಳ ತುದಿಯವರೆಗೆ ಉರಿಯುವ ಬೆಂಕಿಯಾಯಿತು. ಸಣ್ಣ ಬೆಂಕಿ ಈ ಮರಕ್ಕೆ ಜೀವ, ದೊಡ್ಡ ಬೆಂಕಿ ಸಾವು. ಯುರೋಪಿನವರು ಬರುವ ಮುಂಚೆ ಇಲ್ಲಿನ ಮೂಲನಿವಾಸಿಗಳು ತಾವೇ ಆಗಾಗ ಬೆಂಕಿ ಹಾಕಿ ಕಾಡನ್ನು ಹದವಾಗಿ ಇಟ್ಟಿದ್ದರು.

ಅಪ್ಪ ಆ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಊರಿಗೆ ಒಂದು ತಗೊಂಡು ಹೋಗುವ ಆಸೆ ಅವರ ಮುಖದಲ್ಲೇ ಇತ್ತು. ಪಾರ್ಕಿನಿಂದ ಏನನ್ನೂ ಒಯ್ಯುವಂತಿಲ್ಲ ಅಂದೆ. ಮರದ ಬುಡದಲ್ಲೇ ವಾಪಸ್ ಇಟ್ಟರು.

ಹೀಗೆ ಸುಟ್ಟು ಹೋದ ಕಡೆಗಳಲ್ಲಿ ಸಸಿ ನೆಡಬೇಕೇ ಬೇಡವೇ ಅನ್ನುವ ವಾದ ಇಲ್ಲಿ ಜೋರಾಗಿ ನಡೆದಿದೆ. ಮನುಷ್ಯ ಕೈ ಹಾಕದ ಕಾಡಾಗಿಯೇ ಇರಲಿ ಅಂತ ಕೆಲವರು. ಬೀಜದ ಮರಗಳೇ ಸತ್ತ ಕಡೆ ಸಸಿ ಎಲ್ಲಿಂದ ಬರಬೇಕು ಅಂತ ಕೆಲವರು. ನನಗೆ ಎರಡನೆಯವರ ಮಾತು ಸರಿ ಅನಿಸುತ್ತದೆ. ಬೆಂಕಿ ಆರಿಸಿ ಆರಿಸಿ ಕಾಡು ಕೆಡಿಸಿದ್ದು ನಾವು, ಈಗ ಕೈ ಕಟ್ಟಿ ಕೂರುವುದು ನ್ಯಾಯ ಅಲ್ಲ, ಅಲ್ವಾ?

ಜೈಂಟ್ ಫಾರೆಸ್ಟ್ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಒಳ್ಳೆಯ ವಿಷಯ ತಿಳಿಯಿತು. ಹಿಂದೆ ಈ ಮರಗಳ ನಡುವೆಯೇ ಲಾಡ್ಜು, ಅಂಗಡಿ, ಪೆಟ್ರೋಲ್ ಬಂಕ್, ಪಾರ್ಕಿಂಗ್ ಎಲ್ಲ ಇದ್ದವಂತೆ. ಸೆಕ್ವೊಯಾ ಬೇರು ಆಳಕ್ಕೆ ಹೋಗುವುದಿಲ್ಲ, ಹನ್ನೆರಡು ಹದಿನಾಲ್ಕು ಅಡಿಯೊಳಗೇ ಸುತ್ತ ಹರಡುತ್ತದೆ. ಮೇಲೆ ಕಟ್ಟಡ, ಡಾಂಬರು ಕೂತರೆ ಅದಕ್ಕೆ ತೊಂದರೆ. ಅದಕ್ಕೇ 282 ಕಟ್ಟಡಗಳನ್ನು ಕಿತ್ತು ಹಾಕಿದರು. ಉಳಿಸಿಕೊಂಡ ಕೆಲವೇ ಕಟ್ಟಡಗಳಲ್ಲಿ 1928ರ ಹಳೆ ಅಂಗಡಿಯೊಂದು ಈಗ ಮ್ಯೂಸಿಯಮ್. ದುಡ್ಡು ತರುವ ಕಟ್ಟಡಗಳನ್ನು ಮರಕ್ಕಾಗಿ ಕೆಡವಿದ ಉದಾಹರಣೆ ನಾನು ಬೇರೆಲ್ಲೂ ಕೇಳಿಲ್ಲ.

ಮೊರೊ ರಾಕ್ ಬಂಡೆಗೆ 350ಕ್ಕೂ ಹೆಚ್ಚು ಮೆಟ್ಟಿಲು. ನಮ್ಮನೆಯವರು ಮಗಳ ಜೊತೆ ಹತ್ತಿ ಬಂದರು. ನಾವು ಉಳಿದವರು ಕ್ರೆಸೆಂಟ್ ಮೆಡೋ ಅನ್ನುವ ಹುಲ್ಲುಬಯಲಿಗೆ ಹೋದೆವು. ಅಲ್ಲಿ ಬಯಲಿನ ಆ ಬದಿಯಲ್ಲಿ ಒಂದು ಕರಡಿ ತನ್ನ ಪಾಡಿಗೆ ಹುಲ್ಲು ಮೇಯುತ್ತಿತ್ತು. ಎಲ್ಲರೂ ದೂರದಲ್ಲೇ ನಿಂತೆವು. ಮಗ ನನ್ನ ಸೆರಗು ಬಿಡಲಿಲ್ಲ. "ಪಾಪ, ಅದಕ್ಕೆ ಹುಲ್ಲೇ ಸಾಕು ನೋಡು" ಅಂದರು ಅಮ್ಮ. ಅವತ್ತು ರಾತ್ರಿ ಪೆಟ್ಟಿಗೆಯ ಚಿಲಕವನ್ನು ಇನ್ನೂ ಒಂದು ಸಲ ಜಾಸ್ತಿ ಎಳೆದು ನೋಡಿದರು.

ಹೊರಡುವ ದಿನದ ಕೆಲಸ ತೊಟ್ಟಿ ಖಾಲಿ ಮಾಡುವುದು. ಲಾಡ್ಜ್‌ಪೋಲಿನಲ್ಲಿ ಅದಕ್ಕೆ ಡಂಪ್ ಸ್ಟೇಷನ್ ಇದೆ. ಹೆದರುವಂಥದ್ದೇನಿಲ್ಲ, ಕ್ರಮ ತಪ್ಪಬಾರದು ಅಷ್ಟೆ. ಕೈಗವಸು ಹಾಕಿಕೊಳ್ಳಿ. ದಪ್ಪ ಪೈಪನ್ನು ಗಾಡಿಗೂ ನೆಲದ ಗುಂಡಿಗೂ ಸರಿಯಾಗಿ ಕೂರಿಸಿ. ಮೊದಲು ಕಕ್ಕಸಿನ ತೊಟ್ಟಿ ತೆಗೆಯಬೇಕು, ಆಮೇಲೆ ಸಿಂಕಿನ ತೊಟ್ಟಿ. ಆಗ ಆ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕುಡಿಯುವ ನೀರು ತುಂಬುವ ಪೈಪ್ ಬೇರೆ, ಅದನ್ನು ಈ ಕಡೆ ತರಲೇಬಾರದು. ಇಷ್ಟು ಮಾಡಿ ಕೈ ತೊಳೆದು ಹೊರಟೆವು. 180ರ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಕೂರಬಾರದು. ಗೇರ್ ಇಳಿಸಿ ಎಂಜಿನ್ನಿಗೇ ಗಾಡಿ ಹಿಡಿಯಲು ಬಿಡಬೇಕು. ಇಲ್ಲದಿದ್ದರೆ ಬ್ರೇಕ್ ಬಿಸಿಯೇರುತ್ತದೆ.

ಹಿರಿಯರನ್ನು ಕರೆದುಕೊಂಡು ಹೋಗುವವರು ಷಟಲ್ ಓಡುವ ಬೇಸಿಗೆ ದಿನಗಳನ್ನೇ ಆರಿಸಿಕೊಳ್ಳಿ, ಅದಿಲ್ಲದೆ ಆರ್‌ವಿ ಇದ್ದೂ ಪ್ರಯೋಜನ ಕಡಿಮೆ. ಕ್ಯಾಂಪಿನ ಜಾಗ ಬುಕಿಂಗ್ ತೆರೆದ ದಿನವೇ ಹಿಡಿಯಬೇಕು. ಹಿಡಿಯುವಾಗ ಆ ಜಾಗಕ್ಕೆ ಎಷ್ಟು ಉದ್ದದ ಗಾಡಿ ಹಿಡಿಯುತ್ತದೆ ಅನ್ನುವುದನ್ನು ಓದಿಕೊಳ್ಳಿ, ಒಂದೊಂದು ಜಾಗದ್ದು ಒಂದೊಂದು ಥರ. ಬೇಸಿಗೆಯಲ್ಲೂ ರಾತ್ರಿ ಚಳಿ ಇರುತ್ತದೆ, ಹಿರಿಯರಿಗೆ ಸ್ವೆಟರ್, ಟೋಪಿ ಬೇಕೇ ಬೇಕು. ಹೊರಡುವ ಹಿಂದಿನ ದಿನ ಬೆಂಕಿ ಮತ್ತು ರಸ್ತೆಯ ಸ್ಥಿತಿಯನ್ನು ಪಾರ್ಕಿನವರ ಪುಟದಲ್ಲಿ ನೋಡಿ. ಒಳಗೆ ಫೋನ್ ಸಿಗ್ನಲ್ ಸಿಗುವ ಕಡೆ ಬಹಳ ಕಡಿಮೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ.